ಆರನೆಯ ಬೆಂಚು

ಮಾರ್ಚ್ 3

ಮರಕುಟಿಗಾ,

ಈ ಹೆಸರಿನಿಂದ ಕರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಬರಲಿ. ಸಿಟ್ಟು ಬಂದರೆ ಕಾಗದವನ್ನು ಕೊನೆಯವರೆಗೆ ಓದುತ್ತೀಯ, ಬೇಸರ ಬಂದರೆ ಅರ್ಧಕ್ಕೇ ಮಡಚಿಡುತ್ತೀಯ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ತಮ್ಮನ ಗುಣ ನನಗೆ ಗೊತ್ತಿಲ್ಲವೇ? ಅಪ್ಪ ತೀರಿಕೊಂಡಾಗ ಬರೆದ ಕಾಗದಕ್ಕೆ ನೀನು ಒಂದೇ ಒಂದು ಪದ ಬರೆದು ಕಳಿಸಿದ್ದೆ, 'ತಿಳಿಯಿತು' ಅಂತ. ಅದಾಗಿ ಏಳು ವರ್ಷ ಆಯಿತು.

ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನಿಂದ ಒಂದು ಉಪಕಾರ ಆಗಬೇಕು.

ನಮ್ಮ ಬೀದಿ ನೀನು ಬಿಟ್ಟುಹೋದಾಗ ಇದ್ದಂತಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಮುಚ್ಚಿದ ಮೇಲೆ ಅರ್ಧ ಜನ ಹೊರಟುಹೋದರು. ಉಳಿದವರು ಹೋಗಲು ಬೇರೆ ಕಡೆ ಇಲ್ಲದವರು. ನದಿಯ ತೇವ ಗೋಡೆ ಹಿಡಿದು ಮೇಲೇರುತ್ತದೆ, ಬಾಗಿಲುಗಳ ಕೆಳಗಿನ ಒಂದು ಗೇಣು ಕೊಳೆತು ಉದುರುತ್ತದೆ. ಕೆಲವರು ಅಲ್ಲಿ ತಗಡು ಬಡಿದಿದ್ದಾರೆ, ಕೆಲವರು ಗೋಣಿಚೀಲ ಕಟ್ಟಿದ್ದಾರೆ. ಇಸ್ತ್ರಿಯಮ್ಮನ ಮನೆಗಂತೂ ಬಾಗಿಲೇ ಇಲ್ಲ, ಮಂಚವನ್ನೇ ಎತ್ತಿ ಅಡ್ಡ ನಿಲ್ಲಿಸುತ್ತಾಳೆ. "ಮಲಗಿದ್ರೆ ಬಾಗಿಲಿಲ್ಲ, ಬಾಗಿಲು ಹಾಕಿದ್ರೆ ಮಂಚ ಇಲ್ಲ. ನನ್ನ ಬಾಳು ನೋಡಿ ಅಕ್ಕ" ಅಂತ ನಗುತ್ತಾಳೆ. ಅವಳು ನಕ್ಕರೂ ನನಗೆ ನಗಲಾಗುವುದಿಲ್ಲ.

ಪ್ರಾರ್ಥನಾ ಮಂದಿರದಿಂದ ನಾವೊಂದು ಸೇವಾಸಂಘ ಮಾಡಿಕೊಂಡಿದ್ದೇವೆ, ಆರು ವರ್ಷವಾಯಿತು. ವಾರಕ್ಕೆ ಎರಡು ದಿನ ಊಟ ಹಾಕುತ್ತೇವೆ, ಹಾಸಿಗೆ ಹಿಡಿದವರಿಗೆ ಔಷಧಿ ತಂದುಕೊಡುತ್ತೇವೆ. ಈ ವರ್ಷ ಬಾಗಿಲು ಮಾಡಿಕೊಡೋಣ ಅಂದೆ. ಮರ ಎಲ್ಲಿಂದ ತರುವುದು? ಮಂದಿರದಲ್ಲಿ ಅಪ್ಪ ಮಾಡಿದ ಇಪ್ಪತ್ತನಾಲ್ಕು ಬೆಂಚುಗಳಿವೆ. ಪ್ರಾರ್ಥನೆಗೆ ಬರುವವರು ಹತ್ತೊಂಬತ್ತು ಜನ. ಎರಡು ಬೆಂಚು ಬಿಚ್ಚಿದರೆ ಒಂದು ಬಾಗಿಲಾಗುತ್ತದೆ ಎಂದು ಹಿರಿಯರ ಸಭೆಯಲ್ಲಿ ಹೇಳಿದೆ. ನಮ್ಮ ಹಳೆಯ ಶಾಲೆ ಮೇಷ್ಟ್ರು, "ನಾವೆಲ್ಲಿ ಕೂರೋದಮ್ಮ?" ಅಂದರು.

"ನೆಲದ ಮೇಲೆ."

"ಕೂತೋನು ಏಳೋದು ಹೇಗೆ?"

"ದೇವರು ಎಬ್ಬಿಸ್ತಾನೆ ಮೇಷ್ಟ್ರೆ. ಅವನಿಗೆ ಕೈ ಬಿಡುವಿಲ್ಲದಿದ್ರೆ ನಾನು ಎಬ್ಬಿಸ್ತೀನಿ."

ಒಪ್ಪಿದರು. ಆದರೆ ನಮ್ಮವರು ಉತ್ಸಾಹದಲ್ಲಿ ಹಾರೆ ಹಾಕಿ ಮೀಟಿ ಎರಡು ಬೆಂಚುಗಳನ್ನು ಉದ್ದಕ್ಕೆ ಸೀಳಿಬಿಟ್ಟರು. ಅಪ್ಪ ಒಂದು ಮೊಳೆಯನ್ನೂ ಹೊಡೆದಿಲ್ಲ. ಆ ಜೋಡಣೆ ಹೇಗೆ ಬಿಚ್ಚುತ್ತದೆಂದು ಬಲ್ಲವನು ಈಗ ಭೂಮಿಯ ಮೇಲೆ ನೀನೊಬ್ಬನೇ. ಹೇಳಿಕೊಡು.

ಆರನೆಯ ಬೆಂಚನ್ನು ಮಾತ್ರ ನಾನು ಯಾರಿಗೂ ಮುಟ್ಟಗೊಟ್ಟಿಲ್ಲ. ಅದರ ವಿಷಯ ಬೇರೆ.

ನಾದಿನಿಯ ಆರೋಗ್ಯ ಹೇಗಿದೆ? ಕೇಳಿದೆನೆಂದು ಹೇಳು. ಬೇಡ ಅನ್ನಿಸಿದರೆ ಹೇಳಬೇಡ.

ನಿನ್ನ
ಅಕ್ಕ

*

ಮಾರ್ಚ್ 19

ಅಕ್ಕನಿಗೆ,

ಹಾರೆ ಹಾಕಿದವನ ಕೈಗೆ ಇನ್ನೊಮ್ಮೆ ಉಪಕರಣ ಕೊಡಬೇಡ.

ಬೆಂಚನ್ನು ಮಗುಚಿ ಹಾಕಿ. ಕಾಲು ಬಂದು ಹಲಗೆಗೆ ಸೇರುವ ಕಡೆ ಬೆರಳಾಡಿಸಿದರೆ ಕಡಲೆಕಾಳಿನಷ್ಟು ಉಬ್ಬು ಸಿಗುತ್ತದೆ. ಅದು ಬೆಣೆಯ ತುದಿ. ಮೇಲಿನಿಂದ ಹೊಡೆದರೆ ಇನ್ನೂ ಬಿಗಿಯುತ್ತದೆ. ಪಕ್ಕದಿಂದ, ಮರದ ಕೊಡತಿಯಲ್ಲಿ, ಮೆತ್ತಗೆ ಮೂರು ಏಟು ಹಾಕಬೇಕು. ನಾಲ್ಕನೆಯದು ಬೇಡ. ಬೆಣೆ ಹೊರಬಂದರೆ ಇಡೀ ಬೆಂಚು ತಾನಾಗಿ ಕೈಗೆ ಬರುತ್ತದೆ. ಈ ಒಣ ಹವೆಯಲ್ಲೇ ಮುಗಿಸಿ, ಮಳೆ ಬಿದ್ದರೆ ಮರ ಊದಿಕೊಳ್ಳುತ್ತದೆ. ಹಲಗೆಯ ಒಳಮೈಯನ್ನು ಬಾಗಿಲ ಹೊರಮೈ ಮಾಡಿ. ಕೆಳಗಿನ ಪಟ್ಟಿಯನ್ನು ಬೇರೆಯಾಗಿಯೇ ಕೂರಿಸಿ, ಕೊಳೆತರೆ ಅದೊಂದನ್ನೇ ಬದಲಾಯಿಸಬಹುದು.

ಕೇಳಿದ್ದು ಇಷ್ಟು. ಇನ್ನು ನೀನು ಕೇಳದ್ದು.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಮಂದಿರದವರಿಗೆ ಈಗ ಬಾಗಿಲು ನೆನಪಾಯಿತಲ್ಲ, ಸಂತೋಷ. ಹನ್ನೊಂದು ವರ್ಷದ ಹಿಂದೆ ನದಿ ಬೀದಿಗೆ ನುಗ್ಗಿದಾಗ ನಾನು ಕೆಲಸದ ಮೇಲೆ ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದೆ. ಏಳು ತಿಂಗಳ ಬಸುರಿ ನನ್ನ ಹೆಂಡತಿ ಎತ್ತರದ ಜಾಗವೆಂದು ಮಂದಿರಕ್ಕೆ ಬಂದಳು. ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ, ಮೊಣಕಾಲುದ್ದ ನೀರಿನಲ್ಲಿ ನಿಂತು ಮಧ್ಯಾಹ್ನದಿಂದ ಸಂಜೆಯವರೆಗೆ ಬಾಗಿಲು ಬಡಿದಳು. ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಮಗು ಹೋಯಿತು. ಯಾಕೆ ತೆರೆಯಲಿಲ್ಲ ಎಂದು ಅಪ್ಪನನ್ನು ಕೇಳಿದರೆ, "ಕೀಲಿ ನನ್ನ ಹತ್ರ ಇತ್ತು. ಪ್ರಾರ್ಥನೆ ಹೊತ್ತಲ್ಲ ಅಂತ ತೆಗೀಲಿಲ್ಲ. ತಪ್ಪು ನಂದೇ" ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಪಾಲಿಗೆ ಬಡಗಿಯೇ ಕೊಡಲಿಲ್ಲ, ಅದೂ ಹೆತ್ತ ಅಪ್ಪ.

ಬೀದಿಯ ಬಾಗಿಲುಗಳ ಮೇಲೆ ಅಷ್ಟು ಕಾಳಜಿ ಇದ್ದರೆ ಮೊದಲು ಆ ಮಂದಿರದ ಬಾಗಿಲನ್ನೇ ಕಳಚಿ. ಅಷ್ಟು ದಪ್ಪ ಮರ ಇನ್ನೆಲ್ಲೂ ಸಿಗುವುದಿಲ್ಲ.

ಬಡಗಿ

*

ಏಪ್ರಿಲ್ 10

ಮರಕುಟಿಗಾ,

ಮೂರು ಏಟಿಗೆ ಬೆಣೆ ಹೊರಬಂತು. ನಾನೇ ಹೊಡೆದೆ. ಬೆಂಚು ಬಿಚ್ಚಿಕೊಂಡಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಅತ್ತುಬಿಟ್ಟೆ.

ಯಾಕೆಂದು ಹೇಳುತ್ತೇನೆ. ಕಾಲಿನ ತುದಿಯಲ್ಲಿ, ಹಲಗೆಯೊಳಗೆ ಮುಚ್ಚಿಹೋಗುವ ಭಾಗದಲ್ಲಿ, ಅಪ್ಪ ಸೀಸದ ಕಡ್ಡಿಯಿಂದ ಒಂದು ಹಕ್ಕಿ ಬರೆದಿದ್ದಾನೆ. ಉದ್ದ ಕೊಕ್ಕು, ತಲೆಯ ಮೇಲೆ ಜುಟ್ಟು. ಇಲ್ಲಿಯವರೆಗೆ ಹದಿನಾಲ್ಕು ಬೆಂಚು ಬಿಚ್ಚಿದ್ದೇವೆ, ಎಲ್ಲದರಲ್ಲೂ ಆ ಹಕ್ಕಿ ಇದೆ. ಆ ಬೆಂಚುಗಳನ್ನು ಮಾಡುವಾಗ ನಿನಗೆ ಆರು ವರ್ಷ. ಅಪ್ಪನ ಪಕ್ಕ ಕೂತು ದಿನವಿಡೀ ಬೇಡದ ತುಂಡುಗಳನ್ನು ಟಕಟಕ ಕುಟ್ಟುತ್ತಿದ್ದೆ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ನಿನ್ನನ್ನು ಇಟ್ಟಿದ್ದಾನೆ. ಒಂದು ತುಂಡನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ.

ಮೊದಲ ಬಾಗಿಲು ಇಸ್ತ್ರಿಯಮ್ಮನಿಗೆ. ಯಾರ ಮನೆಯ ಬಾಗಿಲೋ ಅವರೇ ಅದನ್ನು ಉಜ್ಜಿ ನಯ ಮಾಡಬೇಕು, ಇದು ನಾವು ಮಾಡಿಕೊಂಡ ಕ್ರಮ. ದಾನ ಪಡೆದೆವೆಂದು ಯಾರೂ ತಲೆ ತಗ್ಗಿಸಬಾರದು ನೋಡು. ಅವಳು ಎರಡು ದಿನ ಉಜ್ಜಿದಳು. ಕೂರಿಸಿದ ಮೇಲೆ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು.

"ಎಷ್ಟು ಸಲ ತೆಗೀತೀಯೇ ಮಾರಾಯ್ತಿ, ಕೀಲು ಸವೆದುಹೋಗುತ್ತೆ" ಅಂದೆ.

"ಹಾಕ್ಕೊಳ್ಳೋ ಖುಷಿಗೆ ತೆಗೀತಿದ್ದೀನಿ ಅಕ್ಕ" ಅಂದಳು.

ಹಿಂದೆ ಕಾರ್ಖಾನೆಯಲ್ಲಿ ಬಣ್ಣ ಕಲಸುತ್ತಿದ್ದವನೊಬ್ಬನಿದ್ದಾನೆ. ಮೊಣಕೈಯವರೆಗೆ ನೀಲಿ ಇನ್ನೂ ಹೋಗಿಲ್ಲ, ಎಲ್ಲರೂ ಅವನನ್ನು ನೀಲಿಕೈ ಅಂತಲೇ ಕರೆಯುತ್ತಾರೆ. ಕೆಲಸ ಹೋದ ಮೇಲೆ ನಾಲ್ಕು ವರ್ಷ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಿದ್ದ. ಮೊದಲ ದಿನ ಅನುಮಾನದಿಂದ ಕೇಳಿದ: "ಪ್ರಾರ್ಥನೆಗೆ ಬಾ ಅಂತ ಎಳೀತೀರೇನು?" "ಇಲ್ಲಪ್ಪ, ಉಜ್ಜುಗೊರಡು ಹಿಡಿ ಅಂತ ಎಳೀತೀವಿ" ಅಂದೆ. ಈಗ ಅವನೇ ಮೇಸ್ತ್ರಿ. ನನ್ನನ್ನೂ ಗದರಿಸುತ್ತಾನೆ. ಬೀದಿಯಲ್ಲಿ ಬೆಳಗಾದರೆ ಮರ ಉಜ್ಜುವ ಸದ್ದು ಕೇಳುತ್ತದೆ. ಎಷ್ಟೋ ವರ್ಷಗಳಿಂದ ಇಲ್ಲಿ ಕೆಮ್ಮು, ಜಗಳ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಮಂದಿರದ ಬಾಗಿಲು ಕಳಚಿ ಎಂದು ನೀನು ವ್ಯಂಗ್ಯಕ್ಕೆ ಬರೆದೆ. ಅದನ್ನೇ ಸಭೆಯ ಮುಂದಿಟ್ಟೆ. "ಯಾಕಮ್ಮ? ಆ ಬಾಗಿಲು ಏನು ಮಾಡಿತ್ತು ನಿಮಗೆ?" ಅಂದರು ಮೇಷ್ಟ್ರು. ಮುಂದಿನ ಸಭೆಯಲ್ಲಿ ಹೇಳುತ್ತೇನೆ ಅಂದೆ.

ನಿನ್ನ
ಅಕ್ಕ

*

ಮೇ 2

ಅಕ್ಕ,

ಹಕ್ಕಿ ತಲುಪಿತು.

ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಅದನ್ನು ಯಂತ್ರದ ಪಕ್ಕ ಇಟ್ಟುಕೊಂಡಿದ್ದೆ. ಇಲ್ಲಿ ನಾನು ದಿನಕ್ಕೆ ನಲವತ್ತು ಮೇಜಿನ ಕಾಲು ಕೊರೆಯುತ್ತೇನೆ. ಯಂತ್ರ ಕೊರೆಯುತ್ತದೆ, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಅಂದರೆ ಸರಿ. ಜೊತೆಗಾರನೊಬ್ಬ, "ಏನಿದು, ಗೂಬೆನಾ?" ಅಂದ. ನಾಲ್ಕು ಮಾತು ಬೈದೆ. ಆಮೇಲೆ ಮನೆಗೆ ತಂದೆ. ಇವಳು ಅದನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. "ಮಾವ ಬರೆದದ್ದಾ?" ಎಂದಳು. ಹೌದೆಂದೆ. ಸೆರಗಿನಿಂದ ಒರೆಸಿ ಕಿಟಕಿಯಲ್ಲಿಟ್ಟಳು. ಅವಳು ಅಪ್ಪನ ಮೇಲೆ ಒಂದು ದಿನವೂ ಸಿಟ್ಟು ಮಾಡಿದ್ದು ನಾನು ಕಂಡಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನೇ ಮಾಡಿದೆ.

ಅಕ್ಕ, ನನಗೆ ಒಂದು ವಿಷಯ ಅರ್ಥವಾಗುತ್ತಿಲ್ಲ. ಮೊಳೆ ಹೊಡೆದರೆ ಮರಕ್ಕೆ ನೋವಾಗುತ್ತದೆ ಎಂದು ಬೆಣೆ ಹಾಕುತ್ತಿದ್ದ ಮನುಷ್ಯ ಅಪ್ಪ. ಒಳಗೆ ಹಕ್ಕಿ ಬರೆದವನು. ಅವನು ಬಾಗಿಲು ಬಡಿಯುವ ಸದ್ದು ಕೇಳಿಯೂ ಸುಮ್ಮನಿದ್ದನೇ? ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು, ಗೊತ್ತು. ಅವನು ಸತ್ತಾಗಲೂ ನಾನು ಬರಲಿಲ್ಲ. ಆದರೂ ಕೇಳುತ್ತೇನೆ. ಆ ದಿನದ ಬಗ್ಗೆ ಅಪ್ಪ ನಿನ್ನ ಹತ್ತಿರ ಏನಾದರೂ ಹೇಳಿದ್ದನೇ? ಇದ್ದದ್ದು ಇದ್ದಂತೆ ಬರೆ.

ನಿನ್ನ ತಮ್ಮ

*

ಜೂನ್ 15

ತಮ್ಮಾ,

ಆರು ವಾರ ತಡಮಾಡಿದೆ. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ನಾಲ್ಕು ಕಾಗದ ಬರೆದು ಹರಿದೆ.

ಕೀಲಿ ಅಪ್ಪನ ಹತ್ತಿರ ಇರಲಿಲ್ಲ. ನನ್ನ ಹತ್ತಿರ ಇತ್ತು.

ನೀರು ಏರತೊಡಗಿದಾಗ ಅಪ್ಪ ಕೀಲಿಯನ್ನು ನನ್ನ ಕೈಗೆ ಕೊಟ್ಟು, "ನೋಡ್ಕೋ" ಎಂದಷ್ಟೇ ಹೇಳಿ, ಬೀದಿಯ ತಗ್ಗಿನ ಕಡೆ ಹೋದ. ಅಲ್ಲಿ ಹಲಗೆ ಕಟ್ಟಿಕೊಂಡು ಮುದುಕರನ್ನು ಸಾಗಿಸುತ್ತಿದ್ದ. ಹಿಂದಿನ ವರ್ಷ ಮಂದಿರದ ಹಿತ್ತಾಳೆ ಗಂಟೆ ಕಳುವಾಗಿತ್ತಲ್ಲ, ಪ್ರಾರ್ಥನೆಯ ಹೊತ್ತಿಗಲ್ಲದೆ ಬಾಗಿಲು ತೆರೆಯಬಾರದೆಂಬ ನಿಯಮ ಆಗ ಬಂತು. ಅದನ್ನು ತಂದವಳು ನಾನು. ಫಲಕದ ಮೇಲೆ ದುಂಡಗೆ ಬರೆದು ನೇತುಹಾಕಿದವಳೂ ನಾನೇ. ಆ ದಿನ ಒಳಗೆ ಹೊಸ ಚಾಪೆಗಳಿದ್ದವು, ಹಾಡಿನ ಪುಸ್ತಕಗಳಿದ್ದವು. ಜನ ಕೆಸರುಗಾಲಲ್ಲಿ ನುಗ್ಗಿದರೆ ಎಲ್ಲ ಹಾಳಾಗುತ್ತದೆ ಅಂದುಕೊಂಡೆ. ದೇವರ ಮನೆ ಕಾಯುತ್ತಿದ್ದೇನೆ ಅಂದುಕೊಂಡೆ.

ಬಡಿದದ್ದು ಕೇಳಿಸಿತು. "ಅಕ್ಕಾ" ಎಂದು ಕೂಗಿದ್ದೂ ಕೇಳಿಸಿತು. ಬೀದಿಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆಯೇ. ಅವಳ ದನಿ ಎಂದು ನನಗೆ ಗುರುತಾಗಲಿಲ್ಲ. ಇದನ್ನು ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ, ನನ್ನ ಸಮಾಧಾನಕ್ಕೂ ಅಲ್ಲ. ಯಾರೋ ಅಂದುಕೊಂಡೆ. ಅಂದರೆ ಬೇರೆ ಯಾರೋ ಆಗಿದ್ದರೆ ನೀರಿನಲ್ಲೇ ನಿಂತಿರಲಿ ಎಂದಾಯಿತಲ್ಲ. ಹನ್ನೊಂದು ವರ್ಷದಿಂದ ನನ್ನನ್ನು ತಿನ್ನುತ್ತಿರುವುದು ಅದು. ಬಡಿತ ಜೋರಾದಾಗ ಬಾಗಿಲು ಮುರಿದಾರೆಂದು ಹೆದರಿ ಒಂದು ಬೆಂಚನ್ನು ಎಳೆದು ಅಡ್ಡ ಇಟ್ಟೆ. ಅದೇ ಆರನೆಯ ಬೆಂಚು.

ಸಂಜೆ ಅಪ್ಪ ಬಂದು ಹೊರಗಿನಿಂದ "ತೆಗಿ" ಅಂದ. ತೆರೆದೆ. ಅವನ ಭುಜಕ್ಕೆ ಒರಗಿಕೊಂಡು ಅವಳು ನಿಂತಿದ್ದಳು, ತುಟಿ ಕಪ್ಪಗಾಗಿತ್ತು. ಅಪ್ಪ ನನ್ನನ್ನು ಬೈಯಲಿಲ್ಲ. ಬೆಂಚು ನೋಡಿದ, ನನ್ನ ಮುಖ ನೋಡಿದ, "ಕೀಲಿ ಕೊಡು" ಅಂದ. ಜೇಬಿಗೆ ಹಾಕಿಕೊಂಡ. ಆ ಹೊತ್ತಿನಿಂದ ಕೇಳಿದವರಿಗೆಲ್ಲ ಕೀಲಿ ತನ್ನ ಹತ್ತಿರವೇ ಇತ್ತು ಎಂದ. ಮೆಟ್ಟಿಲ ಮೇಲಿದ್ದ ಇನ್ನಿಬ್ಬರು ಹೆಂಗಸರು ಆ ತಿಂಗಳೇ ಬೀದಿ ಬಿಟ್ಟರು. ನೀನು ಬಂದು ಅಪ್ಪನ ಮೇಲೆ ಕೂಗಾಡಿದ ದಿನ ನಾನು ಅಡುಗೆಮನೆಯಲ್ಲಿದ್ದೆ. ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ.

ಸಾಯುವ ಮುಂಚೆ ಅಪ್ಪ ಒಂದೇ ಮಾತು ಕೇಳಿದ, "ನೀನೇ ಅವನಿಗೆ ಬರಿ ಮಗಳೇ." ನಾನು ಅವನು ತೀರಿಕೊಂಡದ್ದನ್ನು ಮಾತ್ರ ಬರೆದೆ.

ಊಟ, ಔಷಧಿ, ಬಾಗಿಲು, ಈ ಆರು ವರ್ಷ ನಾನು ಮಾಡಿದ್ದೆಲ್ಲ ಯಾವುದರಿಂದ ಹುಟ್ಟಿತೆಂದು ಈಗ ನಿನಗೆ ತಿಳಿಯಿತು. ಬೀದಿಯವರು ನನಗೆ ಕೈ ಮುಗಿಯುತ್ತಾರೆ. ಮೈಮೇಲೆ ಕೆಂಡ ಬಿದ್ದಂತಾಗುತ್ತದೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಇದನ್ನು ಅವಳಿಗೂ ಓದಿ ಹೇಳು.

ಅಕ್ಕ

*

ಆಗಸ್ಟ್ 1

ತಮ್ಮಾ,

ನಿನ್ನಿಂದ ಉತ್ತರವಿಲ್ಲ. ಬರೆಯಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ನಡೆದದ್ದನ್ನು ತಿಳಿಸಲು ಮಾತ್ರ ಇದು.

ನಿನಗೆ ಹೇಳಿದ ಮೇಲೆ ಅವರಿಗೆ ಹೇಳದೆ ಇರಲು ಆಗಲಿಲ್ಲ. ಕಳೆದ ಸಭೆಗೆ ಬೀದಿಯವರನ್ನೂ ಕರೆದೆ, ಎಲ್ಲರೂ ನೆಲದ ಮೇಲೆ ಕೂತಿದ್ದರು, ನಿಂತುಕೊಂಡು ಎಲ್ಲವನ್ನೂ ಹೇಳಿದೆ. ಇಬ್ಬರು ಎದ್ದು ಹೋದರು. ಇಸ್ತ್ರಿಯಮ್ಮ ನನ್ನ ಮುಖ ನೋಡಲಿಲ್ಲ, ಇವತ್ತಿಗೂ ನೋಡುತ್ತಿಲ್ಲ. ಆ ಪ್ರವಾಹದಲ್ಲಿ ಅವಳೂ ತಾಯಿಯನ್ನು ಕಳೆದುಕೊಂಡವಳು. ಸಂಘದ ಹೊಣೆ ಬಿಡುತ್ತೇನೆ ಎಂದೆ. ಆಗ ನೀಲಿಕೈ ಬಾಯಿ ಬಿಟ್ಟ. "ಬಿಟ್ಟು ಎಲ್ಲಿಗೆ ಹೋಗ್ತೀರಿ? ಇನ್ನೂ ಐದು ಮನೆ ಬಾಗಿಲು ಬಾಕಿ ಇದೆ. ಅಳೋದಿದ್ರೆ ಉಜ್ಜುತ್ತಾ ಅಳಿ" ಅಂದ. ಅದು ಕ್ಷಮೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ. ಮರುದಿನ ಹೋದೆ.

ಮೇಷ್ಟ್ರು ಮಾತ್ರ ಗೋಡೆ ಹಿಡಿದು ತಾವೇ ಎದ್ದು, ನಾನು ಬರೆದ ಫಲಕವನ್ನು ಕೆಳಗಿಳಿಸಿದರು. ಮಂದಿರದ ಬಾಗಿಲನ್ನು ಕಳಚಿದೆವು. ನೀನು ಹೇಳಿದ್ದು ನಿಜ, ಅಷ್ಟು ದಪ್ಪದ ಮರ ಬೇರೆಲ್ಲೂ ಇಲ್ಲ, ಅದರಲ್ಲಿ ಎರಡು ಬಾಗಿಲಾದವು. ಈಗ ಅಲ್ಲಿ ಚೌಕಟ್ಟು ಮಾತ್ರ ಇದೆ. ಗಾಳಿ ಬರುತ್ತದೆ, ಧೂಳು ಬರುತ್ತದೆ. ಹೋದ ವಾರ ಪ್ರಾರ್ಥನೆಯ ನಡುವೆ ಒಂದು ನಾಯಿ ಬಂದು ಮೇಷ್ಟ್ರ ಪಕ್ಕ ಮಲಗಿತು. ಓಡಿಸೋಣವೇ ಎಂದು ಯಾರೋ ಕೇಳಿದ್ದಕ್ಕೆ, "ಇರಲಿ ಬಿಡಿ, ನನಗಿಂತ ಭಕ್ತಿಯಿಂದ ಕೂತಿದೆ" ಎಂದರು. ಆ ದಿನದ ನಂತರ ಮೊದಲ ಸಲ ಜನ ನಕ್ಕರು. ನಾನೂ ನಕ್ಕೆನೇನೋ.

ಆರನೆಯ ಬೆಂಚು ಒಳಗೇ ಇದೆ. ಅದನ್ನು ಏನು ಮಾಡಬೇಕೆಂದು ನೀವಿಬ್ಬರೇ ಹೇಳಬೇಕು. ಹೇಳದಿದ್ದರೆ ಅಲ್ಲೇ ಇರುತ್ತದೆ.

ಅಕ್ಕ

*

ಸೆಪ್ಟೆಂಬರ್ 9

ಅಕ್ಕನವರಿಗೆ,

ಇದು ನಿಮ್ಮ ತಮ್ಮನ ಕಾಗದವಲ್ಲ, ನನ್ನದು. ನನಗೆ ಬರೆದು ರೂಢಿಯಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ಜೂನ್ ತಿಂಗಳ ಕಾಗದವನ್ನು ಇವರು ನನಗೆ ಓದಿ ಹೇಳಿದರು. ಅರ್ಧಕ್ಕೆ ಕಾಗದವನ್ನು ನನ್ನ ಕೈಗೆ ಕೊಟ್ಟುಬಿಟ್ಟರು, ಉಳಿದದ್ದನ್ನು ನಾನೇ ಓದಿದೆ. ನನಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಬಾಗಿಲ ಸಂದಿಯಿಂದ ನಿಮ್ಮ ಹಸಿರು ಶಾಲು ಕಂಡಿತ್ತು. ಅದಕ್ಕೇ ಅಕ್ಕಾ ಎಂದು ಕೂಗಿದ್ದು. ಒಳಗೆ ಬೆಂಚು ಎಳೆದ ಸದ್ದು ಕೇಳಿಸಿತು. ಬಾಗಿಲು ತೆರೆಯುವುದಕ್ಕೇ ಅದನ್ನು ಸರಿಸುತ್ತಿದ್ದೀರಿ ಅಂದುಕೊಂಡೆ. ಪಕ್ಕದಲ್ಲಿದ್ದವರಿಗೆ, "ನಮ್ಮಕ್ಕ ತೆಗೀತಿದ್ದಾರೆ, ಇನ್ನೊಂದು ಸ್ವಲ್ಪ ತಡ್ಕೊಳ್ಳಿ" ಎಂದೂ ಹೇಳಿದೆ. ಅಕ್ಕ, ನನಗೆ ನೀರಿಗಿಂತ, ಚಳಿಗಿಂತ ಹೆಚ್ಚು ನೆನಪಿರುವುದು ಆ ಮಾತು.

ಆಸ್ಪತ್ರೆಗೆ ಮಾವ ಬಂದರು. ನನ್ನ ಮಂಚದ ಪಕ್ಕ ನಿಂತು, "ಅವಳಿಗೆ ಮಂದಿರ ಬಿಟ್ರೆ ಬೇರೇನೂ ಇಲ್ಲಮ್ಮ. ಬೈಗುಳ ನನಗಿರಲಿ. ಅವಳಾಗೇ ಹೇಳೋವರೆಗೂ ನೀನು ಹೇಳ್ಬೇಡ" ಎಂದು ಬೇಡಿಕೊಂಡರು. ಮಗು ಕಳೆದುಕೊಂಡವಳ ಹತ್ತಿರ ಇನ್ನೂ ಏನೋ ಕೇಳುತ್ತಾರಲ್ಲ ಎಂದು ಸಿಟ್ಟು ಬಂತು. ಆದರೆ ಆ ಮನುಷ್ಯ ಅಷ್ಟು ಅಳುವುದನ್ನು ನಾನು ಕಂಡಿರಲಿಲ್ಲ. ಮಾತು ಕೊಟ್ಟೆ, ಉಳಿಸಿಕೊಂಡೆ. ಇವರು ಅಪ್ಪನನ್ನು ಬೈಯುವಾಗಲೆಲ್ಲ ನಾಲಿಗೆ ಕಚ್ಚಿಕೊಂಡೆ. ಅವರು ಸತ್ತಾಗ ಹೋಗಿ ಬನ್ನಿ ಎಂದು ಕಾಲು ಹಿಡಿದೆ, ಇವರು ಹೋಗಲಿಲ್ಲ. ಆಗಲಾದರೂ ಹೇಳಬೇಕಿತ್ತು. ಅದು ನನ್ನ ತಪ್ಪು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ನಿಮ್ಮ ಕಾಗದ ಬರಲಿ ಎಂದು ನಾನು ಹನ್ನೊಂದು ವರ್ಷ ಕಾದಿದ್ದೇನೆ. ಬಾಗಿಲು ಮಾಡಿಕೊಡುತ್ತಿದ್ದೀರಿ ಎಂದಾಗ ಒಳ್ಳೆಯದೇ ಅನ್ನಿಸಿತು. ಆದರೆ ಬೀದಿಗೆಲ್ಲ ಬಾಗಿಲು ಕೊಟ್ಟರೂ ನನ್ನದೊಂದು ಬಾಕಿಯಿತ್ತು. ಜೂನ್‌ನಲ್ಲಿ ಅದು ಬಂತು.

ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದರೆ ಇಲ್ಲ. ಮುಂದೆ ಆದೀತೋ ಏನೋ, ಗೊತ್ತಿಲ್ಲ. ಸುಮ್ಮನೆ ಬಾಯಿಮಾತಿಗೆ ಹೇಳಿದರೆ ನಿಮಗೂ ರುಚಿಸುವುದಿಲ್ಲ.

ಇವರು ಮೂರು ತಿಂಗಳು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ನಾನು ಮುಚ್ಚಿಟ್ಟೆನೆಂದು ನನ್ನ ಮೇಲೂ ಸಿಟ್ಟು. ಮೊನ್ನೆ ಅಟ್ಟದಿಂದ ಮಾವನ ಉಳಿ, ಕೊಡತಿ ಇಳಿಸಿದರು. ನಿನ್ನೆಯಿಂದ ಉಳಿ ಮಸೆಯುತ್ತಿದ್ದಾರೆ. ಯಾಕೆ ಎಂದು ಕೇಳಿದೆ. "ಇನ್ನೂ ಬಾಗಿಲು ಬಾಕಿ ಇವೆಯಂತೆ, ಆ ಹಾರೆ ಹಾಕೋರ ಕೈಗೆ ಬಿಟ್ರೆ ಕೆಟ್ಟುಹೋಗುತ್ತೆ" ಎಂದರು. ಅಪ್ಪನನ್ನು ಎಲ್ಲಿ ಮಣ್ಣು ಮಾಡಿದ್ದಾರೆಂದು ನಿಮ್ಮನ್ನು ಕೇಳಬೇಕಂತೆ. ಈ ತಿಂಗಳ ಇಪ್ಪತ್ತನೆಯ ತಾರೀಖು, ಮಧ್ಯಾಹ್ನದ ಹೊತ್ತಿಗೆ ಬರುತ್ತೇವೆ.

ಬಾಗಿಲು ಇಲ್ಲವೆಂದು ಬರೆದಿದ್ದೀರಿ. ಆದರೂ ನಾನು ಒಳಗೆ ಬರಲಾರೆ. ಆ ಹೊಸ್ತಿಲು ದಾಟಲು ನನ್ನ ಕಾಲಿಗೆ ಇನ್ನೂ ಮನಸ್ಸಿಲ್ಲ. ಆರನೆಯ ಬೆಂಚನ್ನು ಬಿಚ್ಚಬೇಡಿ, ಹೊರಗೆ ತಂದು ಮೆಟ್ಟಿಲ ಮೇಲೆ ಹಾಕಿಸಿ. ನಾನು ಅದರ ಮೇಲೆ ಕೂತಿರುತ್ತೇನೆ. ಕೂಗುವುದಿಲ್ಲ, ಬಡಿಯುವುದೂ ಇಲ್ಲ.

ಈ ಸಲ ನೀವೇ ಹೊರಗೆ ಬನ್ನಿ.

ನಿಮ್ಮ ನಾದಿನಿ